ಮಹಾರಾಜರ ಬಲಗೈಯಲ್ಲಿ ನನ್ನ ಮಗನನ್ನು ಕೂರಿಸುವ ವಿಚಾರ

ಸಕಲ ರಷ್ಯದ ಒಡೆಯರೂ, ಕಜಾನ್ ಗೆದ್ದವರೂ, ಸದ್ಯಕ್ಕೆ ಲುಗೋವ್ಸ್ಕ್ ಪಟ್ಟಣದ ಬಸ್ ನಿಲ್ದಾಣದ ಎದುರು ಹಸಿರು ಟಾರ್ಪಾಲು ಹೊದ್ದು ಅನಾವರಣಕ್ಕೆ ಕಾಯುತ್ತಿರುವವರೂ ಆದ ಇವಾನ್ ವಾಸಿಲ್ಯೆವಿಚ್ ಮಹಾಪ್ರಭುಗಳ ಕಂಚಿನ ಪಾದಗಳಿಗೆ, ಇದೇ ಊರಿನ ಪೆಲಗೇಯಾ ಕೊನ್ಯೇವಾ ಮಾಡುವ ನಮಸ್ಕಾರಗಳು.

ಮಾನ್ಯರೇ,

ತಾವು ಕ್ಷೇಮವೆಂದು ಭಾವಿಸುತ್ತೇನೆ. ನಾಲ್ಕು ಶತಮಾನಗಳಿಂದ ತಮ್ಮನ್ನು ಭಯಂಕರನೆಂದು ಕರೆಯುತ್ತಿದ್ದ ಬಾಯಿಗಳೇ ಈಗ ತಮ್ಮ ಗುಣಗಾನಕ್ಕೆ ರಾಗ ಕೂರಿಸುತ್ತಿರುವಾಗ ಕ್ಷೇಮವಾಗಿರದೆ ಇನ್ನೇನು. ನನ್ನ ವಿಷಯ ಹೇಳುವುದಾದರೆ, ನನ್ನ ಏಳು ತಿಂಗಳ ಮಗ ಮಕಾರನಿಗೆ ಹಲ್ಲು ಬರುತ್ತಿದೆ, ನನಗೆ ನಿದ್ದೆ ಬರುತ್ತಿಲ್ಲ. ಅವನು ಅತ್ತರೆ ಯಾಕೆ ಅಳುತ್ತಾನೆಂದು ಎದ್ದು ಕೂರುತ್ತೇನೆ, ಅಳದಿದ್ದರೆ ಯಾಕೆ ಅಳುತ್ತಿಲ್ಲವೆಂದು ಎದ್ದು ಕೂರುತ್ತೇನೆ. ತಮಗೂ ನಿದ್ದೆಯ ತೊಂದರೆಯಿತ್ತೆಂದೂ, ಮೂವರು ಕುರುಡ ಮುದುಕರು ಸರದಿಯ ಮೇಲೆ ಕಥೆ ಹೇಳಿ ತಮ್ಮನ್ನು ಮಲಗಿಸುತ್ತಿದ್ದರೆಂದೂ ಓದಿದ್ದೇನೆ. ಅವರಲ್ಲಿ ಒಬ್ಬರನ್ನಾದರೂ ಕಳಿಸಿಕೊಡಲು ಸಾಧ್ಯವೇ? ಊಟ, ವಸತಿ ನಮ್ಮದು. ನನ್ನ ಗಂಡ ಗ್ಲೇಬ್, ನದಿಯ ಮರಳು ಸಾಗಿಸುವ ದೋಣಿಯಲ್ಲಿ ಕೆಲಸಕ್ಕೆ ಹೋದವನು ಮುಂದಿನ ತಿಂಗಳೇ ಬರುವುದು, ಹಾಗಾಗಿ ಮಂಚದಲ್ಲಿ ಜಾಗವೂ ಇದೆ.

ಆದರೆ ಈ ಪತ್ರ ಬರೆಯಲು ಕಾರಣ ನಿದ್ದೆಯಲ್ಲ, ತಮ್ಮ ಬಲಗೈ.

ನಮ್ಮೂರಿನ ಇತಿಹಾಸ ಮರುಮೌಲ್ಯಮಾಪನ ಸಮಿತಿಯ ಬಗ್ಗೆ ತಮಗೆ ತಿಳಿದಿರಬೇಕು. ಕಾಲೇಜಿನಲ್ಲಿ ನಾನೂ ಒಮ್ಮೆ ಮರುಮೌಲ್ಯಮಾಪನ ಕೇಳಿದ್ದೆ, ಇದ್ದ ಅಂಕವೂ ಕಡಿಮೆಯಾಯಿತು. ತಮ್ಮ ಉತ್ತರಪತ್ರಿಕೆ ನಿವೃತ್ತ ವ್ಯಾಯಾಮ ಶಿಕ್ಷಕ ಎರಾಸ್ತ್ ಫೊಮಿಚ್ ಅವರ ಕೈಗೆ ಬಿದ್ದದ್ದು ತಮ್ಮ ಪುಣ್ಯ. ಸಮಿತಿಯ ಅಧ್ಯಕ್ಷರಾದ ಅವರು ಸಂಸ್ಕೃತಿ ಭವನದ ಸಭೆಯಲ್ಲಿ ತಮ್ಮ ಮೇಲಿನ ಆರೋಪಗಳನ್ನು ಒಂದೊಂದಾಗಿ ಎತ್ತಿಕೊಂಡು ಬೆಳ್ಳಗೆ ಒಗೆದು ಹರವಿದರು. ನಗರಗಳನ್ನು ಸುಟ್ಟಿದ್ದು ಆಡಳಿತ ಸುಧಾರಣೆಯಂತೆ. ಕರಿಬಟ್ಟೆಯ ಸವಾರರನ್ನು ಜನರ ಮೇಲೆ ಛೂ ಬಿಟ್ಟಿದ್ದು ಶಿಸ್ತಿಗಾಗಿಯಂತೆ. ಕೊನೆಯ ಸಾಲಿನಿಂದ ಯಾರೋ, "ಮತ್ತೆ ಮಗನ ತಲೆಗೆ ಕೋಲಲ್ಲಿ ಹೊಡೆದಿದ್ದು?" ಅಂದರು. "ಹೊಡೆದಿದ್ದು ನೀನು ನೋಡಿದ್ಯೇನಪ್ಪಾ?" ಎಂದು ಎರಾಸ್ತ್ ಫೊಮಿಚ್ ಕೇಳಿದರು. "ಹೊಡೀಲಿಲ್ಲ ಅನ್ನೋದನ್ನ ನೀವು ನೋಡಿದ್ರಾ?" ಎಂದು ಆ ಕಡೆಯಿಂದ ಬಂತು. ತಕ್ಷಣ ಚಹಾ ಮತ್ತು ಎಲೆಕೋಸಿನ ಕಡುಬು ಹಂಚಲಾಯಿತು, ಇತಿಹಾಸ ಅಲ್ಲಿಗೆ ತೀರ್ಮಾನವಾಯಿತು.

ಆದರೂ ಅನುಮಾನಕ್ಕೆ ಆಸ್ಪದ ಬೇಡವೆಂದು ಸಮಿತಿಯು ತಮ್ಮ ಪ್ರತಿಮೆಯ ಕೈಯಿಂದ ಕೋಲನ್ನು ತೆಗೆಸಿತು. ಎರಕ ಆಗಲೇ ಮುಗಿದಿದ್ದರಿಂದ ಕೋಲು ಹೋಯಿತು, ಕೈ ಹಾಗೆಯೇ ಉಳಿಯಿತು. ಈಗ ತಾವು ತುಂಬಿದ ಬಸ್ಸಿನಲ್ಲಿ ಹಿಡಿಯಲು ಕಂಬ ಸಿಗದ ಪ್ರಯಾಣಿಕರಂತೆ ನಿಂತಿದ್ದೀರಿ, ಕ್ಷಮಿಸಬೇಕು. ಈ ಖಾಲಿ ಕೈಯನ್ನು ನೋಡಿ ನೋಡಿ ಎರಾಸ್ತ್ ಫೊಮಿಚ್ ಅವರಿಗೆ ಹೊಳೆದದ್ದೇನೆಂದರೆ, ಅನಾವರಣದ ದಿನ ಅದರಲ್ಲೊಂದು ಜೀವಂತ ಮಗುವನ್ನು ಕೂರಿಸುವುದು, ಕೆಳಗೆ 'ಕಟ್ಟುನಿಟ್ಟಿನ ಆದರೆ ಮಮತೆಯ ತಂದೆ' ಎಂದು ಬರೆದು ಕ್ಯಾಲೆಂಡರ್ ಅಚ್ಚು ಹಾಕಿಸುವುದು. ಮಗು ದುಂಡಗಿರಬೇಕು, ಕೂರಲು ಕಲಿತಿರಬೇಕು, ನಡೆಯಲು ಕಲಿತಿರಬಾರದು. ಇಡೀ ಲುಗೋವ್ಸ್ಕ್‌ನಲ್ಲಿ ಇಷ್ಟೂ ಅರ್ಹತೆಯಿರುವ ಅಭ್ಯರ್ಥಿ ನನ್ನ ಮಕಾರ್.

ಒಪ್ಪಿಗೆ ಕೊಟ್ಟದ್ದು ನಾನಲ್ಲ, ನನ್ನ ಅತ್ತೆ ರಿಮ್ಮಾ ಪ್ಲತೋನೊವ್ನಾ. ಅವರು ಹಿರಿಯ ನಾಗರಿಕರ ಗಾಯನ ತಂಡದ ಮುಖ್ಯಸ್ಥೆ, ಮಹಾಪ್ರಭುಗಳ ಮೇಲೆ ಕಟ್ಟಿದ ಹಾಡಿನಲ್ಲಿ ಏರುದನಿಯ ಭಾಗ ಅವರದೇ. ಕೈ ಎಷ್ಟು ಎತ್ತರದಲ್ಲಿದೆ, ಕಂಚು ಎಷ್ಟು ತಣ್ಣಗಿರುತ್ತದೆ, ಮಗು ಮುಂದಕ್ಕೆ ವಾಲಿದರೆ ಗತಿಯೇನು ಎಂದೆಲ್ಲ ನಾನು ಕೇಳಿದ್ದಕ್ಕೆ, "ನಿಂದೆಲ್ಲ ಬರೀ ಭಯ ಕಣೇ ಪೋಲ್ಯಾ. ಸಬ್ಬಸಿಗೆ ನೀರು ಕುಡಿಸೋಕೂ ಡಾಕ್ಟರನ್ನ ಕೇಳೋಳು ನೀನು. ನಾನು ಗ್ಲೇಬನ್ನ ಒಂದು ಕೈಯಲ್ಲಿ ಎತ್ಕೊಂಡೇ ಆಲೂಗೆಡ್ಡೆ ಅಗೀತಿದ್ದೆ," ಎಂದರು. ಆಮೇಲೆ ನನ್ನನ್ನು ಅಡಿಯಿಂದ ಮುಡಿಯವರೆಗೆ ನೋಡಿ, "ಆ ದಿನಾನಾದ್ರೂ ಈ ಮನೆ ಗೌನು ಬಿಟ್ಟು ಬೇರೆ ಏನಾದ್ರೂ ಹಾಕ್ಕೊ ತಾಯಿ," ಎಂದೂ ಸೇರಿಸಿದರು.

ಮಾನ್ಯರೇ, ಈ ಗೌನಿನ ವಿಷಯದಲ್ಲಿ ತಮ್ಮ ನೆರವು ಕೋರಬೇಕೆಂದಿದ್ದೆ, ಆಮೇಲೆ ಧೈರ್ಯವಾಗಲಿಲ್ಲ. ತಮ್ಮ ಸೊಸೆ ಯೆಲೇನಾ ಬಸುರಿಯಾಗಿದ್ದಾಗ ಮನೆಯೊಳಗೆ ತೆಳುವಾದ ಒಂದೇ ಅಂಗಿಯಲ್ಲಿ ಬೆಂಚಿನ ಮೇಲೆ ಒರಗಿದ್ದಳಂತೆ, ಸೆಕೆಯಿತ್ತೋ ಸುಸ್ತಿತ್ತೋ, ಅದನ್ನು ಕಂಡ ತಾವು ಉಡುಪಿನ ಬಗ್ಗೆ ತಮ್ಮ ಅಭಿಪ್ರಾಯವನ್ನು ಕೈಯಿಂದಲೇ ತಿಳಿಸಿದಿರಂತೆ, ಅವಳ ಮಗು ಉಳಿಯಲಿಲ್ಲವಂತೆ, ಕೇಳಲು ಬಂದ ಮಗನೂ ಉಳಿಯಲಿಲ್ಲವಂತೆ. ಇದೆಲ್ಲ ಪರದೇಶದವರ ಕಟ್ಟುಕಥೆ ಎನ್ನುತ್ತಾರೆ ಎರಾಸ್ತ್ ಫೊಮಿಚ್. ಇರಬಹುದು, ನಾನು ಓದಿದ್ದು ಭೂಗೋಳ. ಆದರೆ ಹಾಲಿನ ಕಲೆಯ ಗೌನಿನಲ್ಲಿ ಇಡೀ ದಿನ ಕಳೆಯುವ ನನ್ನಂಥವಳಿಗೆ, ತಮ್ಮನ್ನು ಮರುಮೌಲ್ಯಮಾಪನ ಮಾಡಿದವರು ಆ ಹುಡುಗಿಯನ್ನು ಒಂದು ಸಲವಾದರೂ ಮೌಲ್ಯಮಾಪನ ಮಾಡಿದರೇ ಎಂದು ಅನಿಸುವುದು ಸಹಜವಲ್ಲವೇ?

ಇನ್ನು ಗುರುವಾರ ನಡೆದದ್ದನ್ನು ತಾವು ಟಾರ್ಪಾಲಿನೊಳಗಿಂದ ಕೇಳಿರುತ್ತೀರಿ, ನೋಡಿರಲಾರಿರಿ. ಇಲ್ಲಿನ ರೂಢಿಯಂತೆ ಬೆಚ್ಚಗೆ ಹೊದಿಸಿ ಬಾಲ್ಕನಿಯ ಚಳಿಯಲ್ಲಿ ಮಕ್ಕಳ ಗಾಡಿಯೊಳಗೆ ಮಲಗಿಸಿದ್ದ ಮಕಾರನನ್ನು ನೋಡಲು ಹೋದರೆ ಗಾಡಿಯೂ ಇಲ್ಲ, ಅವನೂ ಇಲ್ಲ, ಅತ್ತೆಯ ಬೂಟುಗಳೂ ಇಲ್ಲ. ಅನಾವರಣದ ತಾಲೀಮಿಗೆ ಒಯ್ದಿದ್ದಾರೆಂದು ಹೊಳೆಯುವಷ್ಟರಲ್ಲಿ ನಾನು ಗೌನಿನಲ್ಲೇ ಬೀದಿಯಲ್ಲಿದ್ದೆ. ಬಸ್ ನಿಲ್ದಾಣದ ಚೌಕ ತಲುಪಿದಾಗ ಎರಾಸ್ತ್ ಫೊಮಿಚ್ ಏಣಿಯ ಮೇಲೆ ನಿಂತು, ಟಾರ್ಪಾಲು ಸರಿಸಿ ತಮ್ಮ ಕಂಚಿನ ಬಲಗೈಯೊಂದನ್ನೇ ಹೊರಗೆ ಮಾಡಿ, "ಕೊಡಿ, ಕೊಡಿ, ಮಗೂನ ಮೇಲಕ್ಕೆ ಕೊಡಿ," ಎನ್ನುತ್ತಿದ್ದರು. ಅತ್ತೆ ಮಕಾರನನ್ನು ಎತ್ತಿಯೂ ಆಗಿತ್ತು. ನಾನು ಏಣಿಯತ್ತ ಓಡಿದೆ.

ಅಷ್ಟರಲ್ಲಿ ಅತ್ತೆ ತಲೆಯೆತ್ತಿ ತಮ್ಮ ಕಂಚಿನ ಕೈಯನ್ನು ನೋಡಿದರು. ಬೆರಳುಗಳು ಕೋಲನ್ನು ಹಿಡಿದಿದ್ದಂತೆಯೇ ಮಡಚಿವೆ. ದೂರದಿಂದ ಏನೂ ಅನಿಸುವುದಿಲ್ಲ, ಕೆಳಗೆ ನಿಂತು ನೋಡಿದರೆ ಗೊತ್ತಾಗುತ್ತದೆ. ಎತ್ತಿದ ಮಗುವನ್ನು ಅವರು ಮೆಲ್ಲಗೆ ಎದೆಗೆ ಇಳಿಸಿಕೊಂಡರು. "ನಿಮ್ಮ ಮೊಮ್ಮಗಳನ್ನ ಕೂರಿಸಿ, ಎರಾಸ್ತ್ ಫೊಮಿಚ್," ಎಂದರು.

"ಅವಳಿಗೆ ನೆಗಡಿ ರೀ."

"ಇವನಿಗೂ ಬರುತ್ತೆ."

"ನೀವೇ ತಾನೇ ಇವರ ಮೇಲೆ ಹಾಡು ಹೇಳೋರು?"

"ಹಾಡು ಬೇಕಾದ್ರೆ ಇನ್ನೊಂದು ಹೇಳ್ತೀನಿ. ಮಗೂನ ಕೊಡಲ್ಲ."

ಆಮೇಲೆ ನನ್ನತ್ತ ತಿರುಗಿ, ಏನೂ ಆಗದವರಂತೆ ಮಕಾರನನ್ನು ನನ್ನ ತೋಳಿಗೆ ದಾಟಿಸಿ, ಮೈಮೇಲಿನ ಕೋಟನ್ನು ಬಿಚ್ಚಿ ನಮ್ಮಿಬ್ಬರ ಮೇಲೂ ಹೊದಿಸಿ, "ಚಪ್ಪಲಿನಾದ್ರೂ ಒಂದೇ ಜೋಡೀದು ಹಾಕ್ಕೊಂಡು ಬರಬಾರ್ದಿತ್ತಾ," ಎಂದು ಗೊಣಗಿದರು. ಆ ಗೊಣಗಾಟ ಕೇಳಿ ಇಷ್ಟು ಖುಷಿಯಾದದ್ದು ಇದೇ ಮೊದಲು.

ಅಲ್ಲಿಂದ ಸಮಿತಿಯವರು ಅರ್ಹತೆಯನ್ನು ಸಡಿಲಿಸಿ ನಮ್ಮ ವಠಾರದ ಮನೆ ಮನೆಗೆ ಹೋದರು. ಮಹಾಪ್ರಭುಗಳ ಬಗ್ಗೆ ಎಲ್ಲರೂ ಒಳ್ಳೆಯದನ್ನೇ ಹೇಳಿದರಂತೆ. ಒಬ್ಬಜ್ಜಿ ತಮ್ಮ ಹೆಸರಿಗೆ ಮೇಣದ ಬತ್ತಿ ಹಚ್ಚಿದ್ದಾಗಿಯೂ ತಿಳಿಸಿದರಂತೆ. ಆದರೆ ಮಗು ಎಂದ ಕೂಡಲೇ ಒಂದು ಮನೆಯಲ್ಲಿ ಸ್ನಾನದ ಹೊತ್ತು, ಒಂದು ಮನೆಯಲ್ಲಿ ಊಟದ ಹೊತ್ತು, ಇನ್ನೊಂದರಲ್ಲಿ ಮಗುವೇ ಇಲ್ಲ, ಅಳು ಮಾತ್ರ ಒಳಗಿನಿಂದ ಕೇಳಿಸುತ್ತಿತ್ತಂತೆ.

ಆದ್ದರಿಂದ ಮಹಾಪ್ರಭುಗಳೇ, ತಮ್ಮಲ್ಲಿ ನನ್ನ ವಿನಂತಿ ಇಷ್ಟೇ. ಪಂಡಿತರು ತಮ್ಮನ್ನು ಇನ್ನೂ ಎಷ್ಟು ಸಲ ಬೇಕಾದರೂ ತೂಗಲಿ, ಲುಗೋವ್ಸ್ಕ್‌ನ ಅಜ್ಜಿಯರು ತೂಗಿ ಆಯಿತು. ತಾವು ಇಲ್ಲಿ ನೆಮ್ಮದಿಯಾಗಿ ನಿಲ್ಲಬಹುದು, ಪಾರಿವಾಳಗಳನ್ನು ಕೂರಿಸಿಕೊಳ್ಳಬಹುದು, ಬಸ್ಸು ತಡವಾದಾಗ ನಮ್ಮೊಂದಿಗೆ ಬೈದುಕೊಳ್ಳಬಹುದು. ಆದರೆ ಆ ಕೈಯನ್ನು ದಯವಿಟ್ಟು ಜೇಬಿನಲ್ಲಿ ಇಟ್ಟುಕೊಳ್ಳಿ. ಕಂಚಿಗೆ ಜೇಬು ಹೊಲಿಯಲು ಬರುವವರು ಸಮಿತಿಯಲ್ಲಿ ಇದ್ದೇ ಇರುತ್ತಾರೆ.

ತಮ್ಮ ಕೈಗೆಟುಕದಷ್ಟು ದೂರದಿಂದ,
ತಮ್ಮ ವಿಶ್ವಾಸಿ,
ಪೆಲಗೇಯಾ ಕೊನ್ಯೇವಾ

ಮರೆತ ಮಾತು: ಕೊನೆಗೆ ತಮ್ಮ ಕೈಯಲ್ಲಿ ಒಂದು ಗೊಂಬೆಯನ್ನು ಕೂರಿಸುವುದೆಂದು ಠರಾವಾಗಿದೆ. ಗೊಂಬೆ ಎರಾಸ್ತ್ ಫೊಮಿಚ್ ಅವರ ಮೊಮ್ಮಗಳದು, ಅವರೇ ಖುದ್ದಾಗಿ ಕಟ್ಟಿದರು. ನಿನ್ನೆ ಸಂಜೆ ಗಾಡಿ ತಳ್ಳಿಕೊಂಡು ಆ ಕಡೆ ಹೋದಾಗ ಅವರು ಒಬ್ಬರೇ ಏಣಿ ಹತ್ತಿ, ಗೊಂಬೆಯನ್ನು ಬಿಚ್ಚಿ, ಕೋಟಿನೊಳಗೆ ಬೆಚ್ಚಗೆ ಇಟ್ಟುಕೊಂಡು ಇಳಿಯುತ್ತಿದ್ದರು. ನನ್ನನ್ನು ಕಂಡು, "ರಾತ್ರಿ ಇಲ್ಲೇ ಬಿಡೋಕೆ ಯಾಕೋ ಮನಸ್ಸು ಬರ್ಲಿಲ್ಲಮ್ಮ," ಎಂದರು.