ಹ್ಯೂಬರ್ಟ್ ಕೆಡವಿದ ಮರ

ಆ ಬೆಳಿಗ್ಗೆ ಹ್ಯೂಬರ್ಟ್ ಹಿತ್ತಿಲಿನ ವಿಲೋ ಮರವನ್ನು ಕಡಿದು, ಬೇಕೆಂದೇ ಹೊಳೆಗೆ ಕೆಡವಿದ. ತೊಂದರೆ ಶುರುವಾಗಿದ್ದೇ ಅಲ್ಲಿ.

ಸುಣ್ಣದ ಗುಡ್ಡದ ಬುಡದಲ್ಲಿ ಹುಟ್ಟುವ ಹೊಳೆ ಅದು. ಒಂದು ಕಾಲಕ್ಕೆ ತಳದ ಕಲ್ಲು ಎಣಿಸಬಹುದಿತ್ತು. ಹಿಂದಿನವರು ಅದನ್ನು ಅಗೆದು ಅಗಲ ಮಾಡಿದ್ದೇ ಮಾಡಿದ್ದು, ಹಬ್ಬದೂಟ ಉಂಡವನ ಹಾಗೆ ಕೆಸರು ಹೊದ್ದು ಮಲಗಿಬಿಟ್ಟಿತ್ತು. ಹನ್ನೊಂದು ವರ್ಷದಿಂದ ಒಂದು ಟ್ರೌಟ್ ಮೀನೂ ಇತ್ತ ಸುಳಿದಿರಲಿಲ್ಲ. ಹ್ಯೂಬರ್ಟನ ಗಾಳದ ಕೋಲು ಜೇಡನ ಮನೆಯಾಗಿತ್ತು. ಸಾಯುವುದರೊಳಗೆ ಸ್ವಂತ ಹಿತ್ತಿಲಲ್ಲಿ ಒಂದೇ ಒಂದು ಟ್ರೌಟ್ ಹಿಡಿಯಬೇಕು, ಅಷ್ಟೇ ಅವನ ಆಸೆ. ಅಡ್ಡ ಮರವಿದ್ದರೆ ಇಕ್ಕಟ್ಟಾದ ನೀರು ಓಡುತ್ತದೆ, ಓಡುವ ನೀರು ಕೆಸರು ತೊಳೆಯುತ್ತದೆ, ತಿಳಿ ನೀರಿಗೆ ಟ್ರೌಟ್ ಬರುತ್ತದೆ ಎಂದು ಹೊಳೆ ಸಂಘದವರು ಹೇಳಿದ್ದರು.

ಹ್ಯೂಬರ್ಟ್ ಒದ್ದೆ ಪ್ಯಾಂಟು ಬದಲಿಸಿ ಬರುವಷ್ಟರಲ್ಲಿ ಪಕ್ಕದ ಮನೆಯ ಡಾರ್ಕಸ್ ಪಿನ್ನಕ್, ಪಬ್ಬಿನ ಬೇಸಿಲನನ್ನು ಟ್ರ್ಯಾಕ್ಟರ್ ಸಮೇತ ಕರೆತಂದು ಮರಕ್ಕೆ ಹಗ್ಗ ಬಿಗಿಸುತ್ತಿದ್ದಳು. ಅವಳು ‘ಚೊಕ್ಕ ಹಳ್ಳಿ’ ಸ್ಪರ್ಧೆಯ ಸಮಿತಿಗೆ ಅಧ್ಯಕ್ಷೆ. ತೀರ್ಪುಗಾರರು ನಾಲ್ಕು ಗಂಟೆಗೆ ಬರುವವರಿದ್ದರು.

“ಪಾಪ, ಮರ ಬಿದ್ದೋಯ್ತಲ್ಲ ಹ್ಯೂಬರ್ಟ್! ನೀವು ಒಳಗ್ಹೋಗಿ ಟೀ ಕುಡೀರಿ, ನಾವು ಎಳ್ದು ಹಾಕ್ತೀವಿ.”

“ಬಿದ್ದಿದ್ದಲ್ಲ ಕಣ್ರೀ, ನಾನೇ ಬೀಳಿಸಿದ್ದು!”

ಡಾರ್ಕಸ್ ದನಿ ತಗ್ಗಿಸಿದಳು. “ಹೆಂಡ್ತಿ ಹೋದ್ಮೇಲೆ ಹಿಂಗಾಗ್ಬಿಟ್ಟಿದಾರೆ, ಬೇಸಿಲ್. ನೀನು ಎಳಿ.”

“ಹಗ್ಗ ಬಿಚ್ಚಯ್ಯಾ ಬೇಸಿಲ್!”

“ನಾನೇನ್ ಮಾಡ್ಲಿ ಮಾರಾಯಾ? ಇವ್ರ ಮಾತು ಮೀರಿದ್ರೆ ನಾಳೆ ನನ್ನ ಪಬ್ಬನ್ನೇ ಗುಡಿಸಿ ಹಾಕ್ತಾರೆ!”

ಟ್ರ್ಯಾಕ್ಟರ್ ಗುಡುಗಿತು. ಮರ ಅರ್ಧ ತಿರುಗಿತು. ಹಗ್ಗ ಪಟ್ಟೆಂದು ಹರಿದು, ಅದನ್ನು ಹಿಡಿದಿದ್ದ ಡಾರ್ಕಸ್ ಟೋಪಿಯ ಸಮೇತ ಹೊಳೆಗೆ ಬಿದ್ದಳು. ಅವಳನ್ನು ಮೇಲೆತ್ತಲು ಹೋಗಿ ಹ್ಯೂಬರ್ಟನ ಎರಡನೆಯ ಪ್ಯಾಂಟೂ ಒದ್ದೆಯಾಯಿತು. ಮರ ಮಾತ್ರ ಹಲ್ಲಿಗೆ ಸಿಕ್ಕ ನಾರಿನಂತೆ ದಡಗಳ ನಡುವೆ ಕಚ್ಚಿಕೊಂಡಿತು.

ನೀರು ಮೊದಲು ತಡವರಿಸಿತು, ಆಮೇಲೆ ನುಗ್ಗಿತು. ಮೂರು ಗಂಟೆಯ ಹೊತ್ತಿಗೆ ಮರದ ಬಳಿಯ ಕೆಸರು ಕೊಚ್ಚಿಹೋಗಿ, ಒಂದು ಚಾಪೆಯಗಲ ಬೆಳ್ಳನೆಯ ಕಲ್ಲು ಕಾಣಿಸಿತು. ಅದರ ಮೇಲೊಂದು ನೆರಳು ಬಾಲ ಆಡಿಸಿತು.

ಟ್ರೌಟ್! ಹ್ಯೂಬರ್ಟ್ ಒಳಗೋಡಿ, ಜೇಡನನ್ನು ಒಕ್ಕಲೆಬ್ಬಿಸಿ, ಅರ್ಧ ಗಂಟೆ ಕೂತು ದಾರದ ಸಿಕ್ಕು ಬಿಡಿಸಿ, ಗಾಳದ ಕೋಲು ಹಿಡಿದು ಓಡಿಬಂದ.

ಅಷ್ಟರಲ್ಲಿ ಮೀನಿನ ಸುದ್ದಿ ಹಬ್ಬಿ ಊರೇ ದಡದಲ್ಲಿ ನೆರೆದಿತ್ತು. ಅವನನ್ನು ಕಂಡದ್ದೇ ಎಲ್ಲರೂ ಚಪ್ಪಾಳೆ ತಟ್ಟಿದರು. ಕಂಬಳಿ ಹೊದ್ದಿದ್ದ ಡಾರ್ಕಸಳ ಕೈಯಲ್ಲೊಂದು ರಟ್ಟು, ಅದರ ಮೇಲೆ ಹಸಿ ಬಣ್ಣದಲ್ಲಿ ಬರೆದಿತ್ತು: ‘ಇದು ಊರಿನ ಮೀನು. ಯಾರೂ ಹಿಡಿಯಕೂಡದು.’

“ನೀವು ಮಾಡಿದ್ದೇ ಸರಿ ಹ್ಯೂಬರ್ಟ್, ನಂಗೇ ತಿಳೀಲಿಲ್ಲ. ತೀರ್ಪುಗಾರರಿಗೆ ಈ ಮೀನನ್ನೇ ತೋರ್ಸೋಣ. ಇನ್ಮೇಲೆ ಕಾವಲಿಗೂ ನೀವೇ ಅಂತ ಎಲ್ರೂ ಒಪ್ಪಿದೀವಿ.” ಅವನ ಕೈಯ ಕೋಲು ನೋಡಿ ಅವಳ ಮುಖ ಅರಳಿತು. “ಅಯ್ಯೋ, ಎಷ್ಟು ಮುಂದಾಲೋಚ್ನೆ ನಿಮ್ದು! ಈ ರಟ್ಟು ಕಟ್ಟೋಕೆ ಒಂದು ಕೋಲಿಲ್ವಲ್ಲಾ ಅಂತಿದ್ದೆ!”

ರಟ್ಟು ಕಟ್ಟಿ ಗಾಳದ ಕೋಲನ್ನು ದಡದಲ್ಲಿ ನೆಟ್ಟರು. ಅದರ ಪಕ್ಕ ಹ್ಯೂಬರ್ಟ್ ಇನ್ನೊಂದು ಕೋಲಿನಂತೆ ನಿಂತ. ನೀರಿನಲ್ಲಿ ಎರಡನೆಯ ನೆರಳೊಂದು ಬಂದು ಮೊದಲನೆಯದರ ಪಕ್ಕ ನಿಂತುಕೊಂಡಿತು.