ಓಡೋ ಗಾಡಿಗೆ ಪಿ ಹಾಕಿದವರು

ಕರೆಂಟ್ ಕಾರಿನ ಸ್ಟೇರಿಂಗ್ ಹಿಡಿದ ಮೇಲೆ ನನ್ನ ಎಡಗೈ ವಾರಕ್ಕೊಂದು ಎಡವಟ್ಟು ಮಾಡದೆ ಬಿಟ್ಟಿಲ್ಲ. ಆರನೇ ಕ್ಲಾಸಿಗೆ ಶಾಲೆ ಬಿಟ್ಟವನು ನಾನು. ಟ್ರ್ಯಾಕ್ಟರ್, ಹಾಲಿನ ವ್ಯಾನ್, ಲಾರಿ ಎಲ್ಲಾ ಓಡಿಸಿದೆ, ಯಾವುದರಲ್ಲೂ ಎರಡು ದೀಪಾವಳಿ ಕಾಣಲಿಲ್ಲ. ಈ ಸಲ ಮಾತ್ರ ಜಪ್ಪಯ್ಯ ಅಂದ್ರೂ ಬಿಡಬಾರದು ಅಂತ ತೀರ್ಮಾನಿಸಿದ್ದೆ. ಓನರ್ ಚನ್ನರಾಯಪಟ್ಟಣದ ತೆಂಗಿನಕಾಯಿ ವ್ಯಾಪಾರಿ. "ಒಂದ್ ತಿಂಗ್ಳು ನೋಡ್ತೀನಿ ಕಣ್ಲಾ. ಆಮ್ಯಾಕೆ ಇರ್ತೀಯೋ ಓಯ್ತೀಯೋ ಏಳ್ತೀನಿ" ಅಂದಿದ್ದರು.

ಈ ಕಾರಲ್ಲಿ ಗೇರ್ ಇಲ್ಲ. ತಿರುಗಿಸೋ ಗುಂಡಿ ಒಂದಿದೆ. ಡಿ ಮುಂದಕ್ಕೆ, ಆರ್ ಹಿಂದಕ್ಕೆ, ಎನ್ ಅಂದ್ರೆ ನ್ಯೂಟ್ರಲ್. ಪಿ ಅಂದ್ರೆ ಪಾರ್ಕ್, ಗಾಡಿ ಪೂರ್ತಿ ನಿಂತ ಮೇಲೆ ಹಾಕೋದು.

೧. ತಿದ್ದುಪಡಿ

ಮೊದಲ ದಿನ ಕಟ್ಟಾಯದ ಕಡೆ ಬಾಡಿಗೆ. ಹಿಂದೆ ರಿಟೈರ್ ಆದ ಮೇಷ್ಟ್ರು ಕೂತಿದ್ದರು. ಹಂಪ್ ಕಂಡದ್ದೇ ಲಾರಿ ಅಭ್ಯಾಸದಲ್ಲಿ ಸೆಕೆಂಡಿಗೆ ಇಳಿಸೋಣ ಅಂತ ಎಡಗೈ ಗುಂಡಿ ತಿರುಗಿಸೇಬಿಟ್ಟಿತು. ಪಿ! ಗಾಡಿ ಪಲ್ಟಿ ಹೊಡೀತು ಅಂದುಕೊಂಡೆ. ಏನೂ ಆಗಲಿಲ್ಲ. ಕುಂಯ್ ಕುಂಯ್ ಅಂತ ಅರಚಿ, ಪರದೆ ಮೇಲೆ ಇಂಗ್ಲಿಷಿನಲ್ಲಿ ಏನೋ ಬರೆದು, ತನ್ನ ಪಾಡಿಗೆ ಓಡುತ್ತಲೇ ಇತ್ತು.

"ಏನಂತೆ ಸಾ ಅದು?"

"ಮೊದಲು ನಿಲ್ಲಿಸು, ಆಮೇಲೆ ಪಾರ್ಕ್ ಮಾಡು ಅಂತಿದೆ."

"ಬೈತಾ ಐತಾ?"

"ಬೈತಿಲ್ಲಪ್ಪ. ತಿದ್ದುತಾ ಇದೆ."

ನಾನು ಶಾಲೆ ಬಿಟ್ಟದ್ದೇ ತಿದ್ದೋರ ಕಾಟಕ್ಕೆ.

೨. ಬಾಗಿಲಲ್ಲೇ ನಮಸ್ಕಾರ

ಅರಕಲಗೂಡಿಗೆ ಹೆಣ್ಣು ನೋಡೋಕೆ ಹೊರಟ ಮನೆಯವರು. ಹೆಣ್ಣಿನ ಮನೆ ಮುಂದೆ ಗಾಡಿ ಇನ್ನೂ ತೆವಳುತ್ತಿತ್ತು. ನಮ್ಮ ಕಡೆ ಗಾಡಿ ನಿಲ್ಲೋವರೆಗೂ ಕಾಯೋ ಪದ್ಧತಿ ಎಲ್ಲಿದೆ? ಗಂಡು ಬಾಗಿಲು ತೆಗೆದು ಒಂದು ಕಾಲು ಆಚೆ ಇಟ್ಟ. ನಾನೂ ಅದೇ ಜಾತಿ, ನಿಲ್ಲೋ ಮೊದಲೇ ಪಿ ಹಾಕಿದೆ. ಈ ಸಲ ಗಾಡಿ ಮಾತು ಕೇಳಿತು. ಕಟಕಟ ಅಂತ ಹಲ್ಲು ಕಡಿದು ಗಕ್ಕನೆ ನಿಂತಿತು. ಗಂಡು ಹಾರಿ, ಹೊಸ್ತಿಲಲ್ಲಿ ನಿಂತಿದ್ದ ಹೆಣ್ಣಿನ ಅಜ್ಜಿಯ ಪಾದದ ಹತ್ತಿರ ಮಂಡಿಯೂರಿ ಬಿದ್ದ.

ಅಜ್ಜಿ ತಲೆ ಸವರಿ, "ಈಗಿನ್ ಕಾಲ್ದಾಗೆ ಇಂತಾ ಉಡುಗ್ರು ಎಲ್ಲವ್ರೆ? ಒಪ್ಕಳ್ರಲಾ" ಅಂದರು.

ಸಂಬಂಧ ಕುದುರಿತು. ಆದರೂ ಬಿದ್ದಾಗ ಹರಿದ ಪ್ಯಾಂಟಿನ ದೂರು ಓನರಿಗೆ ಹೋಯಿತು. "ಇನ್ನೊಂದ್ ದೂರು ಬಂದ್ರೆ ಕೀ ಇಟ್ಬುಟ್ಟು ನಡಿ" ಅಂದರು.

೩. ಎಡಗೈ

ಹಾಸನದ ಮೆಕ್ಯಾನಿಕ್ಕನ್ನು ಕೇಳಿದೆ. "ಸ್ಪೀಡಲ್ಲಿದ್ದಾಗ ಪಿ ಹಾಕಿದ್ರೆ ಇದರ ಕಂಪ್ಯೂಟರ್ ಕೇಳಲ್ಲ. ತೆವಳೋವಾಗ ಹಾಕಿದ್ರೆ ಒಳಗಿರೋ ಹಲ್ಲು ಚಕ್ರಾನ ಕಚ್ಕತದೆ."

"ಆ ಹಲ್ಲು ಮುರಿದ್ರೆ?"

"ನಿಮ್ಮ ಓನರ್ ನಿಂದೂ ಮುರೀತಾರೆ."

ಅವತ್ತಿಂದ ಗಾಡಿ ಹೊರಟ ತಕ್ಷಣ ಎಡಗೈಯನ್ನು ತೊಡೆ ಕೆಳಗೆ ಇಟ್ಟುಕೊಂಡು, ಬಲಗೈಯೊಂದರಲ್ಲೇ ಓಡಿಸ್ತಿದ್ದೆ. ಬೂವನಹಳ್ಳಿಯಿಂದ ಹತ್ತಿದ ಒಬ್ಬ ಹೆಂಗಸು ಅದನ್ನೇ ನೋಡ್ತಾ ಕೂತಿದ್ದರು. ಇಳಿದಾಗ ಅವರ ಅಕ್ಕಿ ಮೂಟೆಯನ್ನು ಎರಡೂ ಕೈಯಲ್ಲಿ ಎತ್ತಿ ಕೆಳಗಿಟ್ಟೆ. ಅವರು ಕೆನ್ನೆ ಬಡಿದುಕೊಂಡರು.

"ಲಕ್ವ ಒಡೆದೈತೆ ಅಂತ ದಾರೀಲೇ ಅರಕೆ ಕಟ್ಕಂಡೆ ಕಣಪ್ಪ. ಸ್ವಾಮಿ ಇಲ್ಲೇ ನಡೆಸಿಕೊಟ್ಟ. ಮುಡಿ ಮಾತ್ರ ನೀನೇ ಕೊಡ್ಬೇಕು."

೪. ಪರೀಕ್ಷೆ

ತಿಂಗಳ ಕೊನೆಗೆ ಓನರ್ರೇ ಪಕ್ಕದಲ್ಲಿ ಕೂತರು. ಇರೋದೋ ಹೋಗೋದೋ, ಇವತ್ತೇ ತೀರ್ಮಾನ. ಹೊಳೆನರಸೀಪುರದವರೆಗೆ ಒಂದು ತಪ್ಪಿಲ್ಲದೆ ಓಡಿಸಿದೆ. ವಾಪಸ್ ಬರುವಾಗ ಓನರ್, "ಬಿಡ್ಲಾ, ಗಾಡಿ ಓಡ್ಸೋದು ಎಂಗೆ ಅಂತ ತೋರುಸ್ತೀನಿ" ಅಂತ ತಾವೇ ಸ್ಟೇರಿಂಗ್ ಹಿಡಿದರು.

ಮುಂದೆ ಹುಲ್ಲು ತುಂಬಿದ ಟ್ರ್ಯಾಕ್ಟರ್. ಓವರ್‌ಟೇಕ್ ಮಾಡೋಕೆ ಬಲಕ್ಕೆ ಎಳೆದವರೇ ಪಿ ಹಾಕಿದರು. ಕುಂಯ್ ಅಂತು. ಮತ್ತೆ ಹಾಕಿದರು. ಮತ್ತೆ ಕುಂಯ್.

"ಯಾಕ್ಸಾ ಪಿ ಆಕ್ತಿದ್ದೀರಾ?"

"ಪಿಕಪ್ ಬ್ಯಾಡ್ವೇನ್ಲಾ?"

ಸದ್ಯ, ಕಂಪ್ಯೂಟರ್ ನಮ್ಮ ಓನರ್ ಮಾತನ್ನೂ ಕೇಳಲಿಲ್ಲ. ಟ್ರ್ಯಾಕ್ಟರ್ ದಾಟಿದ ಮೇಲೆ ಉಸಿರು ಬಿಟ್ಟು ಕೇಳಿದೆ: "ಅಂಗಾದ್ರೆ ಎನ್ ಅಂದ್ರೆ?"

"ನಾರ್ಮಲ್ಲು."

"ಆರ್ ಅಂದ್ರೆ?"

"ರೇಸು. ಓದ್ ತಿಂಗ್ಳು ಶೆಡ್ಡಲ್ಲಿ ರೇಸ್ ಕೊಟ್ಟೆ, ಇಂದ್ಲ ಗ್ವಾಡೆ ಓಯ್ತು. ಬೋ ಪವರ್ ಐತೆ."

ನಗು ತಡೆದು ಕೇಳಿದೆ: "ಡಿ ಅಂದ್ರೆ ಸಾ?"

ಅವರು ಗಾಡಿಯನ್ನು ಪಕ್ಕಕ್ಕೆ ನಿಲ್ಲಿಸಿ, ಇಳಿದು, ಕೀ ನನ್ನ ಕೈಗೆ ಹಾಕಿದರು.

"ಡ್ರೈವರ್ ಕಣ್ಲಾ. ಗಾಡಿಗೆ ಡ್ರೈವರ್ ಬೇಕೇ ಬೇಕು ಅಂತ ಕಂಪ್ನಿಯೋರೇ ಬರೆದವ್ರೆ. ನಾನ್ಯಾವನು ನಿನ್ನ ತೆಗೆಯೋಕೆ? ಅತ್ತು ಗಾಡಿ."