ಜಾಲಿ ಬೊಡ್ಡೆಗಳ ಹಾಜರಿ

ಶಿಸ್ತಿನಿಂದ ಆಗದ ಕೆಲಸವಿಲ್ಲ ಎಂದು ಮೂವತ್ತು ವರ್ಷ ಹೆಡ್‌ಮಾಸ್ತರನಾಗಿ ಸಾರಿದವನು ನಾನು. ನಿವೃತ್ತನಾದ ವರ್ಷ ಕೊಪ್ಪಳದ ಪಕ್ಕದ ನಮ್ಮ ಹುಲ್ಲಿನ ಬೀಳು ನೆಲಕ್ಕೆ ಬಳ್ಳಾರಿ ಜಾಲಿಯ ಮುಳ್ಳುಗಿಡ ನುಗ್ಗಿದಾಗಲೂ ಆ ನಂಬಿಕೆ ಅಲುಗಲಿಲ್ಲ. ನಮ್ಮ ಎಮ್ಮೆ ಮಾತ್ರ ಅಲ್ಲಿ ಮೇಯಲು ಹೋಗಿ, ಮುಳ್ಳು ತುಳಿದು ಕುಂಟುತ್ತ ಬರುತ್ತಿತ್ತು.

“ಮಳಿ ಬಂದ ಮ್ಯಾಲೂ ಮೇಯಾಕ ಜಾಗ ಆಗ್ಲಿಲ್ಲಂದ್ರ ಗಿಣಿಗೇರಿಗೆ, ನಮ್ಮಣ್ಣನ ಮನಿಗೆ ಕಳಸ್ತೀನ್ರಿ,” ಎಂದಳು ಹೆಂಡತಿ ಶಾಂತವ್ವ.

“ಯಾರನ್ನ?”

“ಸದ್ಯಕ್ಕ ಎಮ್ಮೀನ.”

ಗ್ರಾಮಸೇವಕರು ಗಿಡ ಸಾಯಿಸುವ ಔಷಧ ಕೊಡಿಸಿ, ಅದನ್ನು ಡೀಸೆಲ್ಲಿಗೆ ಬೆರೆಸುವುದನ್ನು ತೋರಿಸಿದರು. “ಮಾಸ್ತರ, ಕಡದ ಕೂಡ್ಲೆ ಬೊಡ್ಡಿಗೆ ಹಚ್ಚಬೇಕ್ರಿ. ತಡಾ ಮಾಡಬ್ಯಾಡ್ರಿ.”

ಬರೆದುಕೊಂಡೆ. ಬರೆದುಕೊಂಡ ಮೇಲೆ ಟೈಮ್ ಟೇಬಲ್ ಹಾಕಿದೆ. ಸೋಮವಾರದಿಂದ ಬುಧವಾರದವರೆಗೆ ಕಡಿಯುವುದು. ಗುರುವಾರ ಬೊಡ್ಡೆಗಳ ಮೇಲೆ ಸುಣ್ಣದಲ್ಲಿ ನಂಬರು. ಶುಕ್ರವಾರ ಹಾಜರಿ. ಶನಿವಾರ ಔಷಧ.

ಕೂಲಿಗೆ ಬಂದ ಹನಮಪ್ಪ ಮೊದಲ ಗಿಡ ಕಡಿದು ಕೈಚಾಚಿದ. “ಔಷಧ ಕೊಡ್ರಿ ಸರ, ಹಸಿ ಐತಿ, ಹಚ್ಚಿಬಿಡ್ತೀನಿ.”

“ಗಣಿತದ ತಾಸಿನ್ಯಾಗ ಭೂಗೋಳ ಓದ್ತಾರೇನೋ?”

“ನಾ ಸಾಲಿಗೇ ಹೋಗಿಲ್ರಿ.”

“ಅದಕ್ಕ ನಿನಗ ಗೊತ್ತಾಗವಲ್ದು.”

ಶುಕ್ರವಾರ ಎಣಿಸಿದಾಗ ಎರಡು ಬೊಡ್ಡೆ ಹೆಚ್ಚು ಬಂದವು. ಮತ್ತೆ ಎಣಿಸಿದೆ. ಒಂದು ಕಡಿಮೆ. ನಿಂತಲ್ಲಿ ನಿಲ್ಲಲಾಗದೆ ಬಿಸಿಲಲ್ಲೇ ಓಡಾಡಿದೆ. ಶನಿವಾರವೂ ಎಣಿಕೆಗೇ ಹೋಯಿತು. ರವಿವಾರ ರಜೆ. ನಿಯಮವೆಂದರೆ ನಿಯಮ.

ಸೋಮವಾರದ ಹೊತ್ತಿಗೆ ಕಡಿದ ಜಾಗಗಳೆಲ್ಲ ಒಣಗಿ ಗಟ್ಟಿಯಾಗಿದ್ದವು. ಔಷಧ ಒಳಗಿಳಿಯದೆ ಪಕ್ಕಕ್ಕೆ ಹರಿಯಿತು. ಆದರೂ ನಾನು ಒಂದು ನಂಬರನ್ನೂ ಬಿಡಲಿಲ್ಲ.

ಮೊದಲ ಮಳೆ ಬಿತ್ತು. ದಿನಕ್ಕೆ ಮೂರು ಸಲ ಹೋಗಿ ನೋಡಿದೆ. ಮೂರು ಸಲವೂ ಚಿಗುರು ಬೆಳೆದಿತ್ತು. ಒಂದು ಕಾಂಡವಿದ್ದಲ್ಲಿ ಈಗ ಏಳೆಂಟು, ಎಲ್ಲಕ್ಕೂ ಎಳೆಯ ಮುಳ್ಳು. ಹುಲ್ಲೂ ಸೊಗಸಾಗಿ ಬಂದಿತ್ತು, ಆದರೆ ಎಮ್ಮೆಯ ಬಾಯಿ ಅದರ ತನಕ ಹೋಗುವಂತಿರಲಿಲ್ಲ.

ಶಾಂತವ್ವ ಬಂದು ಸೆರಗು ಸೊಂಟಕ್ಕೆ ಸಿಕ್ಕಿಸಿ, ಬೀಳನ್ನೆಲ್ಲ ನೋಡಿದಳು.

“ಒಂದೂ ಗೈರುಹಾಜರಿಲ್ಲ ಬಿಡ್ರಿ. ನಿಮ್ಮ ಸಾಲ್ಯಾಗ ಯಾವಾಗರ ಇಷ್ಟು ಹಾಜರಿ ಇತ್ತೇನು?”

“ಮುಂದಿನ ವರ್ಷ ಕಡದ ಕೂಡ್ಲೆ...”

“ಮುಂದಿನ ವರ್ಷದ ತನಕ ಎಮ್ಮಿ ಟೈಮ್ ಟೇಬಲ್ ಮೇಯತೈತೇನ್ರಿ?”

ಮರುದಿನ ಎಮ್ಮೆ ಗಿಣಿಗೇರಿಯ ದಾರಿ ಹಿಡಿಯಿತು. ನಮ್ಮ ಮನೆಯಲ್ಲೀಗ ಎಲ್ಲವೂ ಶಿಸ್ತಿನಿಂದ ನಡೆದಿದೆ. ಆರಕ್ಕೆ ಏಳುತ್ತೇನೆ. ಏಳಕ್ಕೆ ಸರಿಯಾಗಿ, ಒಂದು ನಿಮಿಷವೂ ತಡವಾಗದಂತೆ, ಹಾಲಿಲ್ಲದ ಚಹಾ ಕುಡಿಯುತ್ತೇನೆ.